ಹತ್ತು ಕಿಲೋಗಿಂತ ಕಡಿಮೆ

ಡಿಸೆಂಬರಿನ ರಾತ್ರಿ ಮಂಡ್ಯಕ್ಕೆ ಕಾಯುವ ಬೆಲ್ಲದ ವಾಸನೆ.
ಸೀರೆಗೆ, ಜಡೆಗೆ, ಜಪಮಣಿಗೆ ಕೂಡ ಅಂಟುತ್ತದೆ.
ಫ್ಯಾಕ್ಟರಿ ಗೇಟಿನಿಂದ ನಾಲೆಯ ಏರಿಯವರೆಗೂ ಗಾಡಿಗಳ ಸಾಲು;
ನೊಗ ಇಳಿಸಿದ ಎತ್ತುಗಳು ಮೆಲುಕು ಹಾಕುತ್ತ
ತಮ್ಮ ಸರದಿಯನ್ನು ನನಗಿಂತ ಚೆನ್ನಾಗಿ ಕಾಯುತ್ತವೆ.

ನಾನು ವೇಬ್ರಿಡ್ಜಿನ ಗುಮಾಸ್ತೆ, ಲೂರ್ದು ಮೇರಿ,
ಗಂಜಾಮಿನ ಇನ್ನಾಸಪ್ಪನ ಮಗಳು.
ಗಾಜಿನ ಗೂಡು, ಒಂದು ಕುರ್ಚಿ, ಕೆಂಪು ಅಂಕಿಗಳ ಒಂದು ಪೆಟ್ಟಿಗೆ.

ಏಜೆಂಟ್ ನಿಂಗರಾಜು ಬಂದು ಕಿಟಕಿಗೆ ಮೊಣಕೈ ಊರಿದ್ದು
ಆಗಮನ ಕಾಲದ ಮೊದಲ ಬತ್ತಿ ಹಚ್ಚಿದ ವಾರವೇ.
ಕೈಯಲ್ಲಿ ಟೀ, ನನಗೂ ಒಂದು.
"ಗಾಡಿಗೆ ನಲವತ್ತು ಕೆಜಿ ಕಣವ್ವ, ಜಾಸ್ತಿ ಏನಿಲ್ಲ.
ಕಬ್ಬು ದಾರೀಲೇ ವಣುಗ್ತದೆ, ತೂಕ ತಾನಾಗೇ ಇಳೀತದೆ.
ಇಳ್ದದ್ನ ಬರ್ದ್ರೆ ಪಾಪ್ವಾ?"

ಪಾಪ ಎಂಬ ಮಾತನ್ನು ಅವನೇ ಎತ್ತಿದ. ನಾನು ಎತ್ತಿರಲಿಲ್ಲ.

ಸೈತಾನನೆಂದರೆ ಕೊಂಬು, ಬಾಲ ಎಂದುಕೊಂಡಿದ್ದೆ ಚಿಕ್ಕಂದಿನಲ್ಲಿ.
ಇವನು ನನ್ನ ಜೆಸಿಂತಾಳ ಜ್ವರ ವಿಚಾರಿಸಿದ.
ನನಗೆ ಸಕ್ಕರೆ ಕಮ್ಮಿ ಎಂಬುದನ್ನೂ ನೆನಪಿಟ್ಟಿದ್ದ.

ಸುಳ್ಳೇಕೆ, ನನಗೆ ಹಸಿವಿರಲಿಲ್ಲ, ಸಾಲವಿರಲಿಲ್ಲ.
ಬೇಕಿದ್ದದ್ದು ವಾಷಿಂಗ್ ಮಷೀನು,
ಮುಂದುಗಡೆ ಗಾಜಿನ ಬಾಗಿಲಿರುವುದು;
ಕುರ್ಚಿ ಹಾಕಿಕೊಂಡು ಬಟ್ಟೆ ಸುತ್ತುವುದನ್ನು ನೋಡಬೇಕು.
ನೂರೈವತ್ತು ಗಾಡಿ, ನಲವತ್ತು ಕೆಜಿ, ಆರು ಟನ್ನು:
ಲೆಕ್ಕ ನಾನು ಕರೆಯದೆಯೇ ಬಂದು ತಲೆಯೊಳಗೆ ಕೂತಿತು.
ಭಾನುವಾರದ ಪೂಜೆಯಲ್ಲೂ ಎದ್ದು ಹೋಗಲಿಲ್ಲ.
ಪರಲೋಕ ಮಂತ್ರದಲ್ಲಿ ಶೋಧನೆ ಎಂಬ ಮಾತು ಬಂದಾಗ
ತುಟಿ ಮಾತ್ರ ಅಲುಗಿತು. ಎರಡನೆಯ ನೇರಳೆ ಬತ್ತಿ
ಹೊತ್ತಿಕೊಳ್ಳಲು ಮೂರು ಕಡ್ಡಿ ಕೇಳಿತು.

ಗಂಜಾಮಿನ ಅಜ್ಜಿ ಆರೋಗ್ಯಮ್ಮ
ಈ ತಿಂಗಳು ಬಂತೆಂದರೆ ಒಲೆಯ ಪಕ್ಕ
ಖಾಲಿ ಗೋದಲಿ ಇಡುತ್ತಿದ್ದಳು.
ಬಾಯಿಗೆ ಬಂದ ಬೈಗುಳ ನುಂಗಿದರೆ ಒಂದು ಹುಲ್ಲುಕಡ್ಡಿ,
ಡಬ್ಬಿಯ ಕೊಬ್ಬರಿ ಕದಿಯದೆ ಬಂದರೆ ಇನ್ನೊಂದು.
"ಬರೋ ಕೂಸಿಗೆ ಬೆನ್ನು ಒತ್ತಬಾರ್ದು ಕಣೆ."
ಒಂದು ವರ್ಷ ಹಿಡಿ ತುಂಬ ಸುಮ್ಮನೆ ತುರುಕಿಬಿಟ್ಟೆ.
ಅಜ್ಜಿ ಬೈಯಲಿಲ್ಲ. ಒಂದೊಂದೇ ಎಣಿಸಿ
ನನ್ನದಲ್ಲದ್ದನ್ನೆಲ್ಲ ತೆಗೆದು ಕರುವಿಗೆ ಹಾಕಿದಳು.

ಮೂರನೆಯದು ಗುಲಾಬಿ ಬತ್ತಿ, ಸಂತೋಷದ್ದಂತೆ.
ಆ ವಾರದ ಬುಧವಾರ, ರಾತ್ರಿ ಎರಡೂವರೆ,
ಬಸರಾಳು ಕಡೆಯ ಗಾಡಿ ಹಲಗೆ ಹತ್ತಿತು.
ಗಾಡಿಯ ಮೇಲೆ ಬಸುರಿ ಹೆಂಗಸು ಯಾರಾದರೂ ಇರಬಹುದೇ ಎಂದು
ಹುಚ್ಚಿಯಂತೆ ಕತ್ತು ಚಾಚಿ ನೋಡಿದೆ.
ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.
ಯಾರೂ ಇಲ್ಲ. ಮಫ್ಲರ್ ಸುತ್ತಿದ ಒಬ್ಬ ಗಂಡಸು,
ಬೀಡಿ, ಕೆಮ್ಮು, "ಬಿರ್‍ರನೆ ಬರಿಯವ್ವ" ಎಂಬ ಸಿಡುಕು.
ದೇವದೂತರಿಲ್ಲ; ಟ್ಯೂಬ್‌ಲೈಟಿಗೆ ಮುತ್ತಿದ ಹುಳು ಅಷ್ಟೆ.

ಎರಡು ಸಾವಿರದ ಮುನ್ನೂರ ಎಂಬತ್ತು ಅಂದಿತು ಅಂಕಿ.
ನಲವತ್ತು, ನಲವತ್ತು ಅಂದಿತು ಬೆರಳು.
ಹೊರಗೆ ನಿಂಗರಾಜುವಿನ ಸಿಗರೇಟು ಒಮ್ಮೆ ಕೆಂಪಾಯಿತು.
ಯೇಸುವೇ, ಎಂದೆ.
ಅದರ ಮುಂದೆ ವಾಕ್ಯವಿರಲಿಲ್ಲ.
ಬಾವಿಗೆ ಜಾರುವವಳು ಹಗ್ಗ ಹಿಡಿದಂತೆ ಹಿಡಿದೆ,
ಅಂಗೈ ಕಿತ್ತುಬರುವ ಹಾಗೆ,
ಭಕ್ತಿಯಿಂದಲ್ಲ.

ಎಂಬತ್ತು ಒತ್ತಿದೆ.
ಚೀಟಿ ಹರಿದು ಕೊಟ್ಟೆ. ಅವನು ಓದಲೂ ಇಲ್ಲ;
ಮಡಚಿ ಮಫ್ಲರಿಗೆ ಸಿಕ್ಕಿಸಿ ಎತ್ತಿನ ಬಾಲ ತಿರುವಿದ.

ಬೆಳಗ್ಗೆ ಪಾಳಿ ಮುಗಿದಾಗ ಖಾಲಿ ಹಲಗೆಯ ಮೇಲೆ
ಯಾವುದೋ ಎತ್ತಿನ ಬಾಯಿಂದ ಬಿದ್ದ ಒಂದು ಹುಲ್ಲುಕಡ್ಡಿ.
ತಿರುಗಿ ಅಂಕಿ ನೋಡಿದೆ: ಸೊನ್ನೆ.
ಹತ್ತು ಕಿಲೋಗಿಂತ ಕಡಿಮೆಯದನ್ನು ನನ್ನ ಯಂತ್ರ ಅರಿಯದು.

ಟಿಫನ್ ಡಬ್ಬಿಯಲ್ಲಿಟ್ಟು ಮನೆಗೆ ತಂದೆ.
"ಇದೇನಮ್ಮ, ಒಂದೇ?" ಎಂದಳು ಜೆಸಿಂತಾ.
ಒಂದೇ.
ಇವತ್ತು ರಾತ್ರಿ ಮತ್ತೆ ಪಾಳಿ.
ಟೀ ಬರುತ್ತದೆ, ಸಕ್ಕರೆ ಕಮ್ಮಿ ಹಾಕಿದ್ದು.
ಗೋದಲಿಯಲ್ಲಿ ಅದನ್ನು ಅಡ್ಡಡ್ಡ ಮಲಗಿಸಿ
ಬಕೆಟಿನಲ್ಲಿ ನೆನೆದಿದ್ದ ಬಟ್ಟೆ ಎತ್ತಿಕೊಂಡು
ಕಲ್ಲಿಗೆ ನಡೆದೆ. ನೀರು ಕೊರೆಯುತ್ತಿತ್ತು.